ಅಮಾವಾಸ್ಯೆ ಹುಣ್ಣಿಮೆಯ ಕಪಾಟು

ಕಾಲೇಜಿನಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರ ಬಾಯಲ್ಲೆಲ್ಲ ಅವಳು ನೀರಕ್ಕ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಜೀವಶಾಸ್ತ್ರ ವಿಭಾಗದ ಹಿಂಬದಿಯ ನಲ್ಲಿಯಿಂದ ನೀಲಿ ಡ್ರಮ್ಮಿಗೆ ನೀರು ತುಂಬಿಸಿ, ಡ್ರಮ್ಮಿನ ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ವಾರದ ಹೆಸರು ಬರೆಯುವುದು ಅವಳ ಮೊದಲ ಕೆಲಸ. ಸೋಮವಾರ ತುಂಬಿದ ನೀರನ್ನು ಬುಧವಾರದವರೆಗೆ ಯಾರೂ ಮುಟ್ಟುವಂತಿಲ್ಲ. ನಲ್ಲಿ ನೀರಿಗೆ ಬೆರೆಸಿದ ಔಷಧಿ ಎರಡು ದಿನ ತೆರೆದಿಟ್ಟರೆ ಗಾಳಿಗೆ ಹೋಗುತ್ತದೆ. ಅಲ್ಲಿಯವರೆಗೆ ಅದು ಮನುಷ್ಯರಿಗೆ ನೀರು, ಅವಳ ಸಾಕುಜೀವಗಳಿಗೆ ವಿಷ. ಹೊಸದಾಗಿ ಬಂದ ಮೇಷ್ಟ್ರೊಬ್ಬರು ಒಂದು ಮಂಗಳವಾರ ಆ ಡ್ರಮ್ಮಿನಲ್ಲಿ ಕೈ ಅದ್ದಿ ತೊಳೆದುಕೊಂಡಿದ್ದರು. "ಸಾರ್, ನಿಮ್ಮ ಕೈ ಸ್ವಚ್ಛ ಆಯ್ತು, ನನ್ನ ಎರಡು ದಿನ ಕೊಳೆ ಆಯ್ತು" ಅಂದಳು ನೀರಕ್ಕ. ಆ ಮೇಷ್ಟ್ರು ವರ್ಗವಾಗಿ ಹೋದರೂ ಮಾತು ಮಾತ್ರ ಅಲ್ಲೇ ಉಳಿಯಿತು.

ಹತ್ತೊಂಬತ್ತನೇ ವಯಸ್ಸಿಗೆ ಕಸ ಗುಡಿಸಲು ಬಂದವಳು. ಓದಿದ್ದು ಆರನೇ ಕ್ಲಾಸು. ಪಾಠ ನಡೆಯುವಾಗ ಹಿಂದಿನ ಬೆಂಚುಗಳ ಧೂಳು ಹೊಡೆಯುವ ನೆಪದಲ್ಲಿ ನಿಂತು ನಿಂತು ಕಿವಿಯಿಂದಲೇ ಕಲಿತಳು. ಕೆಲಸಕ್ಕೆ ಸೇರಿ ಇಪ್ಪತ್ತೇಳು ವರ್ಷವಾಗುವ ಹೊತ್ತಿಗೆ ಪೊರಕೆ ಬೇರೆಯವರ ಕೈಗೆ ಹೋಗಿ, ಅವಳ ಕೈಗೆ ಎರಡು ಕೋಣೆಗಳ ಬೀಗದ ಕೈ ಬಂದಿತ್ತು. ಒಂದರಲ್ಲಿ ತಾತ, ಇನ್ನೊಂದರಲ್ಲಿ ಚಂದ್ರಗಳು.

ತಾತ ಅಂದರೆ ನೀರಿನಲ್ಲೇ ಬಾಳುವ ಒಂದು ಸಲಮಾಂಡರ್. ಕಪ್ಪೆಯ ದೂರದ ದಾಯಾದಿ. ನೋಡಲು ಗೇಣುದ್ದದ ಹಲ್ಲಿಯ ಹಾಗೆ, ಆದರೆ ಬಣ್ಣ ಹಾಲಿನಲ್ಲಿ ಗುಲಾಬಿ ಕದಡಿದಂತೆ. ಕತ್ತಿನ ಎರಡೂ ಬದಿಗೆ ಮೂರು ಮೂರು ಕೆಂಪು ಗರಿಗಳು, ಅವೇ ಅದರ ಕಿವಿರು. ಆ ಗರಿಗಳು ಗಡ್ಡದ ಹಾಗೆ ಕಂಡದ್ದರಿಂದ ಅವಳು ತಾತ ಎಂದು ಕರೆದಳು. ಪ್ರಾಣಿ ಮೇಷ್ಟ್ರು, ಎಂದರೆ ಪ್ರಾಣಿಶಾಸ್ತ್ರ ಕಲಿಸುವವರು, ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಿದ್ದರು.

"ನೀರಕ್ಕಾ, ಅದು ತಾತ ಅಲ್ಲ, ಹಸುಗೂಸು. ಕಪ್ಪೆಮರಿ ಬಾಲ ಕರಗಿಸಿ ಕಪ್ಪೆ ಆಗುತ್ತಲ್ಲ, ಹಾಗೆ ಇದೂ ಬೆಳೆದು ನೆಲಕ್ಕೆ ಹತ್ತಬೇಕಿತ್ತು. ಇದು ಬೆಳೆಯಲ್ಲ. ಸಾಯೋವರೆಗೂ ಮಗುವಾಗೇ ಇರುತ್ತೆ."

"ನಮ್ಮ ಮನೇಲೂ ಅಂಥ ತಾತ ಒಬ್ಬರಿದ್ದರು ಸಾರ್" ಅಂದಳು ಅವಳು.

ಹದಿನಾಲ್ಕು ವರ್ಷ ತಾತನಿಗೆ ಎರೆಹುಳು ಅಗೆದು ತಂದು, ಬೆರಳುದ್ದ ಕತ್ತರಿಸಿ, ಚಿಮಟದಲ್ಲಿ ಹಿಡಿದು ಉಣಿಸಿದಳು. ಅವಳ ನೆರಳು ಗಾಜಿನ ಮೇಲೆ ಬಿದ್ದರೆ ಸಾಕು, ತಾತ ತಳದಿಂದ ಎದ್ದು ಬರುತ್ತಿದ್ದ. ಬೇರೆಯವರ ನೆರಳಿಗೆ ಕದಲುತ್ತಿರಲಿಲ್ಲ. ಒಮ್ಮೆ, ಆಗ ಅದೇ ತೊಟ್ಟಿಯಲ್ಲಿದ್ದ ಜೊತೆಗಾರನೊಬ್ಬ ಅವನ ಮುಂಗಾಲನ್ನು ಕಚ್ಚಿ ಕಿತ್ತುಬಿಟ್ಟಿದ್ದ. ನೀರಕ್ಕ ಅಂದು ಊಟ ಮಾಡಲಿಲ್ಲ. ಎರಡೂವರೆ ತಿಂಗಳಲ್ಲಿ ಮೊಗ್ಗು ಒಡೆದ ಹಾಗೆ ಮೊದಲು ಗುಳ್ಳೆ, ಆಮೇಲೆ ಕೈ, ಆಮೇಲೆ ಬೆರಳು, ನಾಲ್ಕೂ ಬೆರಳು, ಬಂದವು. ಅಂದಿನಿಂದ ಅವಳ ಮನಸ್ಸಿನಲ್ಲಿ ಒಂದು ನಂಬಿಕೆ ಕೂತುಬಿಟ್ಟಿತು: ದೇವರು ಈ ಒಂದು ಜೀವದ ಕೈಯಿಂದ ಕಿತ್ತುಕೊಂಡದ್ದನ್ನೆಲ್ಲ ತಿರುಗಿ ಕೊಡುತ್ತಾನೆ.

ಚಂದ್ರಗಳ ಸಂಗತಿ ಬೇರೆ. ಹತ್ತಿಯ ಬಿರಡೆ ಹಾಕಿದ ಗಾಜಿನ ನಳಿಕೆಗಳಲ್ಲಿ ತಿಳಿಹಸಿರು ಕಲೆಯಂತೆ ಕಾಣುವ ಪಾಚಿ ಅದು. ಬರಿಗಣ್ಣಿಗೆ ಅಷ್ಟೇ. ಮೊದಲ ವರ್ಷ ಅವಳು ಆ ನಳಿಕೆಗಳನ್ನು ಕೊಳೆಯಾಗಿವೆ ಎಂದು ತೊಳೆಯಲು ಹೊರಟಿದ್ದಳು. ಅದನ್ನು ಸಾಕುತ್ತಿದ್ದ ಪಾಚಿ ಮೇಡಂ ಓಡಿಬಂದು ಕೈ ಹಿಡಿದರು, ಬೈಯಲಿಲ್ಲ. ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು, "ನೋಡು, ಆಮೇಲೆ ತೊಳಿ" ಅಂದರು.

ಕಪ್ಪು ಬಾವಿಯಂಥ ಕೊಳವೆಯ ತಳದಲ್ಲಿ ಹಸಿರು ಬಿದಿಗೆಯ ಚಂದ್ರರು ತೇಲುತ್ತಿದ್ದರು. ಒಬ್ಬೊಬ್ಬ ಚಂದ್ರನ ಎರಡು ತುದಿಗೂ ಒಂದೊಂದು ಪುಟ್ಟ ಕೋಣೆ, ಅದರೊಳಗೆ ಧೂಳಿನ ಕಣಗಳಂಥವು ಬಿಡುವಿಲ್ಲದೆ ನಡುಗುತ್ತಿದ್ದವು.

"ಅದ್ಯಾಕೆ ಹಾಗೆ ನಡುಗ್ತಿವೆ ಮೇಡಂ? ಚಳೀನಾ?"

"ಯಾಕೂ ಇಲ್ಲ. ನೀರು ತಳ್ಳುತ್ತೆ, ಅವು ನಡುಗ್ತವೆ."

"ಇವಕ್ಕೆ ಅಪ್ಪ ಅಮ್ಮ?"

"ಒಂದು ಚಂದ್ರ ನಡುವೆ ಮುರಿದು ಎರಡಾಗುತ್ತೆ. ಒಂದೊಂದು ಅರ್ಧವೂ ತನಗೆ ಬೇಕಾದ ಇನ್ನರ್ಧವನ್ನ ತಾನೇ ಬೆಳೆಸ್ಕೊಳ್ಳುತ್ತೆ. ನಾನು ಇವನ್ನ ಕೆರೆಯಿಂದ ತಂದು ನಾಲ್ಕು ವರ್ಷ ಆಯ್ತು. ಅವತ್ತಿನದೇ ಜೀವ ಇದು. ಹಳೇದಾಗಿ ಸತ್ತು ಹೆಣ ಬೀಳೋ ಪಾಡು ಇವಕ್ಕಿಲ್ಲ."

ಆ ನಾಲ್ಕು ಎಂಬ ಲೆಕ್ಕವನ್ನು ಮೇಡಂ ವರ್ಷ ವರ್ಷ ತಿದ್ದದೆ ಹಾಗೇ ಹೇಳುತ್ತ ಬಂದರು. ನಿಜವಾಗಿ ಎಷ್ಟೆಂದು ಅವರಿಗೂ ಮರೆತಿರಬೇಕು. ನೀರಕ್ಕ ತಿಂಗಳಿಗೊಮ್ಮೆ ನಳಿಕೆಯ ಬಾಯನ್ನು ಸ್ಪಿರಿಟ್ ದೀಪದ ಉರಿಗೆ ಹಿಡಿದು, ಒಂದು ಹನಿ ಹೊಸ ನಳಿಕೆಗೆ ದಾಟಿಸಿ, ಚೀಟಿಗೆ ಪೆನ್ಸಿಲಿನಲ್ಲಿ ತಾರೀಕು ಬರೆಯುತ್ತಿದ್ದಳು. ದಾಟಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಒಳಗೊಳಗೇ "ನಿಂದೇ ಜೀವ, ನೀನೇ ನೋಡ್ಕೋ" ಎಂದು ಮೇಲಿನವನಿಗೆ ಒಂದು ಮಾತು ಒಪ್ಪಿಸುತ್ತಿದ್ದಳು.

ಹೀಗೆ ಒಂದಕ್ಕೊಂದು ಆಗಿಬರದ ಎರಡು ಜೀವಗಳು. ತಾತನಿಗೆ ರೆಪ್ಪೆಯಿಲ್ಲ, ಬೆಳಕು ಬಿದ್ದರೆ ಮೂಲೆಗೆ ಮುಖ ಒತ್ತಿಕೊಂಡು ಸೊರಗುತ್ತಾನೆ. ಚಂದ್ರಗಳಿಗೆ ಬೆಳಕೇ ಊಟ, ಕತ್ತಲಲ್ಲಿ ವಾರ ಇಟ್ಟರೆ ಹಳದಿಗೆ ತಿರುಗುತ್ತವೆ. ತಂಪು ಮಾತ್ರ ಇಬ್ಬರಿಗೂ ಬೇಕು. ಬೇರೆ ಬೇರೆ ಕೋಣೆ ಇದ್ದದ್ದರಿಂದ ಇಷ್ಟು ವರ್ಷ ಜಗಳ ಬರಲಿಲ್ಲ.

ಆದರೆ ಇಂಥ ಜಗಳ ಬಿಡಿಸುವುದು ಅವಳಿಗೆ ಹೊಸದೇನಲ್ಲ. ಅವಳ ಮನೆ ಅಂದರೆ ಒಂದೇ ಕೋಣೆ. ಗಂಡ ಇಪ್ಪತ್ತು ವರ್ಷ ವೆಲ್ಡಿಂಗ್ ಮಾಡಿದವನು. ಆ ಕಿಡಿಯ ಬೆಳಕು ಕಣ್ಣಿನೊಳಗೆ ಇಳಿದು, ಈಗ ಕಿಟಕಿಯ ಬಿಸಿಲು ಬಿದ್ದರೂ ತಲೆ ಸೀಳುವ ನೋವು. ಅವಳ ತಾಯಿಗೆ ಕಣ್ಣು ಮಂಜಾಗಿ, ಹಗಲೆಲ್ಲ ದೀಪ ಉರಿಯುತ್ತಿರಬೇಕು. ಕತ್ತಲಾದರೆ ಉಸಿರು ಕಟ್ಟುತ್ತದೆಂದು ಅಳುತ್ತಾಳೆ. ನೀರಕ್ಕ ಕೋಣೆಯ ನಡುವೆ ತಂತಿ ಎಳೆದು, ದಪ್ಪ ಹೊದಿಕೆಯೊಂದನ್ನು ಇಳಿಬಿಟ್ಟು, ಅಂಚುಗಳಿಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿದ್ದಳು. ಹನ್ನೊಂದು ವರ್ಷದಿಂದ ಹಾಗೇ ನಡೆದಿತ್ತು.

"ನಿನ್ನ ಮನೇಲಿ ಈ ಕಡೆ ಹುಣ್ಣಿಮೆ, ಆ ಕಡೆ ಅಮಾವಾಸ್ಯೆ" ಎನ್ನುತ್ತಿದ್ದಳು ತಾಯಿ. "ನಡುವೆ ನಿಂತ್ಕೊಂಡು ನೀನು ಗ್ರಹಣ."

"ಅತ್ತೆ, ಸ್ವಲ್ಪ ಮೆತ್ತಗೆ ಮಾತಾಡಿ" ಹೊದಿಕೆಯ ಆಚೆಯಿಂದ ಗಂಡನ ದನಿ. "ನಿಮ್ಮ ಮಾತಿಗೂ ಬೆಳಕಿದೆ, ಕಣ್ಣು ಚುಚ್ಚುತ್ತೆ."

"ಕೇಳಿದ್ಯಾ ನಿನ್ನ ಗಂಡನ ಮಾತು! ಕತ್ತಲಲ್ಲಿ ಕೂತೇ ಇಷ್ಟು, ಇನ್ನು ಕಣ್ಣು ಕಂಡಿದ್ರೆ!"

ಹಾಗೆ ಪರದೆಯ ಮೇಲಿಂದ ಮಾತು ಎಸೆದಾಡಿ ಇಬ್ಬರೂ ನಗುತ್ತಿದ್ದರು. ಯಾವುದೇ ಜಗಳಕ್ಕೂ ಒಂದು ದಪ್ಪ ಬಟ್ಟೆ, ನಾಲ್ಕು ಕ್ಲಿಪ್ಪು ಸಾಕು ಎಂಬುದು ನೀರಕ್ಕನ ಬದುಕು ಕಲಿಸಿದ ಪಾಠ.

ಆ ವರ್ಷ ವಿಭಾಗದ ಮುಖ್ಯಸ್ಥರು ಎರಡು ಕೋಣೆಗಳನ್ನೂ ಕಂಪ್ಯೂಟರಿಗೆ ಬಿಡಬೇಕೆಂದರು. ತಂಪು ಕಾಯಲು ಉಳಿಯುವುದು ಒಂದೇ ಒಂದು ಕಪಾಟು. ಗಾಜಿನ ಬಾಗಿಲಿನ, ಎದೆಯೆತ್ತರದ, ಒಳಗೆ ಫ್ಯಾನು ಇರುವ ಹಳೆಯ ಕಪಾಟು. ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಿ, ಇನ್ನೊಂದನ್ನು ಮುಗಿಸಿ ಎಂದು ಅವರ ತೀರ್ಮಾನ. ಯಾವುದನ್ನು ಎಂಬುದಕ್ಕೆ ಒಂದು ಹೋಲಿಕೆ ಪಟ್ಟಿ ಬರೆದು ತರಲು ಹೇಳಿದರು. ಮೇಷ್ಟ್ರೂ ಮೇಡಮ್ಮೂ ಮೇಜಿನ ಎದುರುಬದುರು ಕೂತು ಬರೆದರು. ನೀರಕ್ಕ ಚಹಾ ತಂದಿಟ್ಟವಳು ಬಾಗಿಲ ಬಳಿಯೇ ನಿಂತಳು.

"ಉದ್ದ?" ಎಂದು ಮೇಡಂ ಕೇಳಿದರು.

"ಒಂದು ಗೇಣು. ನಿಮ್ಮದು?"

"ಸೂಜಿಮೊನೆ ಊರಿದ ಚುಕ್ಕೆಯಷ್ಟು. ಸಂಖ್ಯೆ?"

"ಒಂದೇ ಒಂದು. ನಿಮ್ಮದು?"

"ಎಣಿಸೋರು ಹುಟ್ಟಿಲ್ಲ."

"ಆಹಾರದಲ್ಲಿ ಎರೆಹುಳು ಅಂತ ಬರೀರಿ. ನಿಮ್ಮದಕ್ಕೆ ಬರೀ ಬೆಳಕು, ಅಲ್ವಾ? ಅಗ್ಗದ ಅಳಿಯ."

"ಕಳೆದ ಅಂಗ ಬೆಳೆಯುತ್ತಾ?"

"ಬೆಳೆಯುತ್ತೆ. ಕಾಲೇ ಬೆಳೆದಿದೆ."

"ನಮ್ಮದು ಅರ್ಧ ಮೈಯೇ ಬೆಳೆಯುತ್ತೆ, ಮೇಷ್ಟ್ರೇ!"

ಇಬ್ಬರೂ ನಗಲು ಹೋಗಿ ನಗಲಿಲ್ಲ. ಮೇಷ್ಟ್ರು ಪೆನ್ನು ಕೆಳಗಿಟ್ಟರು. "ಇದನ್ನ ಬರೆದು ಏನು ಮಾಡೋಣ ಮೇಡಂ? ಒಂದನ್ನ ಕೊಲ್ಲೋಕೆ ಕಾರಣ ಬರೀತಿದೀವಿ ಅಷ್ಟೇ." ಮೇಡಂ ಕನ್ನಡಕ ತೆಗೆದು ಒರೆಸಿದರು, ಕನ್ನಡಕದಲ್ಲಿ ಏನೂ ಇರಲಿಲ್ಲ.

ನೀರಕ್ಕ ಅಲ್ಲಿಯವರೆಗೆ ಕೇಳದೆ ಬಾಯಿ ತೆರೆದವಳಲ್ಲ. ಅಂದು ತೆರೆದಳು. "ಎರಡನ್ನೂ ಅದೇ ಕಪಾಟಿನಲ್ಲಿ ಇಟ್ಕೋತೀನಿ ಸಾರ್. ಮೇಲಿನ ತಟ್ಟೆಗೆ ದೀಪ ಹಾಕಿ ಚಂದ್ರಗಳು. ಕೆಳಗೆ ತಾತ. ನಡುವೆ ಕಪ್ಪು ಬಟ್ಟೆ."

"ಆಗುತ್ತಾ ನೀರಕ್ಕಾ?"

"ನನ್ನ ಮನೇಲಿ ಆಗಿಲ್ವಾ!"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥ ಈ ಉಪಾಯಕ್ಕೆ ಮುಖ್ಯಸ್ಥರು ಒಂದು ತಿಂಗಳ ಗಡುವು ಕೊಟ್ಟರು. ಎರಡೂ ಚೆನ್ನಾಗಿದ್ದರೆ ಎರಡೂ ಇರಲಿ. ಯಾವುದಾದರೂ ಬಾಡಿದರೆ ಪಟ್ಟಿಯನ್ನು ಮತ್ತೆ ತೆಗೆಯುವುದು.

ಮೊದಲ ಎರಡು ವಾರ ಚಿನ್ನದಂತೆ ಕಳೆಯಿತು. ಕಪ್ಪು ಬಟ್ಟೆಯನ್ನು ನಡುತಟ್ಟೆಯ ಮೇಲೆ ಹಾಸಿ, ಕೆಳಭಾಗದ ಗಾಜಿಗೂ ಇಳಿಬಿಟ್ಟಿದ್ದಳು. ಮೇಲೆ ದೀಪ ತಾನೇ ಹತ್ತಿ ತಾನೇ ಆರುವಂತೆ ಗಡಿಯಾರ. ಥರ್ಮಾಮೀಟರನ್ನು ಬೆಳಕಿರುವ ಕಡೆ, ಹೊರಗಿನಿಂದಲೇ ಓದಲು ಬರುವಂತೆ, ಮೇಲಿನ ತಟ್ಟೆಯಲ್ಲಿ ತೂಗುಹಾಕಿದಳು. ಕತ್ತಲಲ್ಲಿ ಹಾಕಿದರೆ ಓದಲು ಪ್ರತಿ ಸಲ ಬಟ್ಟೆ ಎತ್ತಬೇಕಲ್ಲ, ತಾತನಿಗೆ ತೊಂದರೆ. ಆದರೂ ಬಟ್ಟೆಯ ಅಂಚಿನ ಬೆರಳಗಲದ ಸಂದಿಯಿಂದ ಒಂದು ಗೆರೆ ಬೆಳಕು ಕೆಳಗೆ ಬೀಳುತ್ತಿತ್ತು. ತಾತ ಆ ಗೆರೆಗೆ ಬೆನ್ನು ತಿರುಗಿಸಿ ಮೂಲೆ ಸೇರುತ್ತಿದ್ದ. ಅವನನ್ನು ನೋಡಿದಾಗೆಲ್ಲ ಅವಳಿಗೆ ಗಂಡ ಗೋಡೆಗೆ ಮುಖ ಮಾಡಿ ಮಲಗುವುದು ನೆನಪಾಗುತ್ತಿತ್ತು.

ಮೂರನೇ ವಾರ ಕಟ್ಟಡಕ್ಕೆ ಬಣ್ಣ ಹೊಡೆಯುವುದಕ್ಕೆಂದು ನಾಲ್ಕು ದಿನ ಕಾಲೇಜು ಮುಚ್ಚಿತು. ಕೆಲಸದವರೂ ಒಳಗೆ ಹೋಗುವಂತಿಲ್ಲ. ಹೊರಡುವ ಮುನ್ನ ನೀರಕ್ಕ ತಾತನಿಗೆ ಹೊಟ್ಟೆ ತುಂಬ ಉಣಿಸಿ, ನೀರು ಬದಲಿಸಿ, ಕಪಾಟಿನ ಮುಂದೆ ಒಂದು ಗಳಿಗೆ ನಿಂತಳು. ನಾಲ್ಕು ದಿನ ಆ ಗೆರೆ ಬೆಳಕನ್ನು ಅವನು ತಡೆದುಕೊಳ್ಳಬೇಕು. ಚೀಲದಲ್ಲಿ ಮನೆಯಿಂದ ತಂದ ಬಟ್ಟೆಯ ಕ್ಲಿಪ್ಪುಗಳಿದ್ದವು. ಬಟ್ಟೆಯ ನಾಲ್ಕೂ ಅಂಚನ್ನು ತಟ್ಟೆಯ ಕಂಬಿಗೆ ಒತ್ತೊತ್ತಾಗಿ ಸಿಕ್ಕಿಸಿದಳು. ಬಗ್ಗಿ ನೋಡಿದಳು. ಕೆಳಗೆ ಈಗ ಆ ಗೆರೆ ಇಲ್ಲ, ಬರೀ ಮಬ್ಬು. ತಾತ ಮೂಲೆಯಿಂದ ನಿಧಾನ ಹೊರಬಂದು ನಡುವೆ ಕಾಲು ಚಾಚಿ ಮಲಗಿದ. "ಈಗ ಆರಾಮಾ?" ಅಂದಳು ಅವಳು, ಬಾಗಿಲು ಮುಚ್ಚಿದಳು.

ಕಾವಲುಗಾರನಿಗೆ ಒಂದೇ ಮಾತು ಹೇಳಿದ್ದಳು: ಬಾಗಿಲು ತೆಗೆಯಬೇಡ, ತಂಪು ಹೋಗುತ್ತದೆ, ಗಾಜಿನಿಂದಲೇ ಥರ್ಮಾಮೀಟರ್ ಓದಿ ಫೋನ್ ಮಾಡು. ಆತ ನಿಷ್ಠೆಯಿಂದ ದಿನಕ್ಕೆರಡು ಸಲ ಮಾಡಿದ.

"ಹದಿನೆಂಟು, ನೀರಕ್ಕಾ."

"ಸರಿಯಾಗಿ ನೋಡಿದ್ಯಾ?"

"ಅಯ್ಯೋ, ಕನ್ನಡಕ ಹಾಕ್ಕೊಂಡೇ ನೋಡಿದೆ. ಹದಿನೆಂಟು ಅಂದ್ರೆ ಹದಿನೆಂಟು. ಇಲ್ಲಿ ನಾವೇ ಸೆಕೆಗೆ ಬೇಯ್ತಿದೀವಿ, ನಿಮ್ಮ ತಾತಂಗೇ ಸುಖ."

ಎಂಟು ಸಲ ಹದಿನೆಂಟು ಎಂದು ಕೇಳಿ ಎಂಟು ಸಲವೂ ಅವಳು ಕಣ್ಣುಮುಚ್ಚಿ ದೇವರನ್ನು ನೆನೆದಳು.

ಐದನೇ ದಿನ ಬೆಳಿಗ್ಗೆ ಬಣ್ಣದ ವಾಸನೆಯ ನಡುವೆ ಅವಳು ಕಪಾಟಿನ ಎದುರು ನಿಂತಾಗಲೂ ಥರ್ಮಾಮೀಟರ್ ಹದಿನೆಂಟನ್ನೇ ತೋರಿಸುತ್ತಿತ್ತು. ಚಂದ್ರಗಳು ಎಂದಿಗಿಂತ ಕಡುಹಸಿರಾಗಿದ್ದವು. ಬಾಗಿಲು ತೆಗೆದು ಕ್ಲಿಪ್ಪು ಬಿಚ್ಚುವಾಗಲೇ ಕೈಗೆ ಬಿಸಿ ತಾಗಿತು. ಒಲೆಯ ಪಕ್ಕ ಒಣಹಾಕಿದ ಬಟ್ಟೆಯ ಹಾಗೆ ಆ ಕಪ್ಪು ಬಟ್ಟೆ ಬೆಚ್ಚಗಿತ್ತು.

ತಂಪು ಗಾಳಿ ಬರುವ ಫ್ಯಾನು ಇದ್ದದ್ದು ಕಪಾಟಿನ ಮೇಲುಭಾಗದಲ್ಲಿ. ಯಂತ್ರದ ಬಿಸಿ ಇದ್ದದ್ದು ತಳದಲ್ಲಿ, ತಾತನ ತೊಟ್ಟಿಯ ಕೆಳಗೇ. ಇಷ್ಟು ದಿನ ತಂಪು ಇಳಿದು ಬರುತ್ತಿದ್ದದ್ದು ಆ ಬೆರಳಗಲದ ಸಂದಿಯಿಂದ. ಬೆಳಕು ಬರುತ್ತದೆಂದು ಅವಳು ಮುಚ್ಚಿದ್ದು ಅದನ್ನೇ.

ನೀರು ಕೈ ತೊಳೆಯುವ ಬಿಸಿನೀರಿನಂತಿತ್ತು. ತಾತ ಒಂದು ಮಗ್ಗುಲಾಗಿ ಮೇಲೆ ತೇಲುತ್ತಿದ್ದ. ಕೆಂಪು ಗರಿಗಳು ಬಿಳಿಚಿ ಮುಂದಕ್ಕೆ ಮುರುಟಿದ್ದವು. ಅವಳ ನೆರಳು ಬಿದ್ದಾಗ ಹಿಂಗಾಲು ಒಂದು ಸಲ ನೀರನ್ನು ತಳ್ಳಿತು. ಏಳಲು ನೋಡಿದ, ಆಗಲಿಲ್ಲ.

ಅವಳು ಕೂಗಲಿಲ್ಲ. ಒಮ್ಮೆಲೇ ತಣ್ಣೀರು ಸುರಿದರೆ ಎದೆ ನಿಂತುಹೋಗುತ್ತದೆಂದು ಗೊತ್ತಿತ್ತು. ಅಗಲ ತಟ್ಟೆಗೆ ಅವನನ್ನು ಎರಡು ಅಂಗೈಯಲ್ಲಿ ಎತ್ತಿಟ್ಟು, ಡ್ರಮ್ಮಿನ ನೀರನ್ನು ಲೋಟ ಲೋಟವಾಗಿ, ಲೋಟಕ್ಕೂ ಲೋಟಕ್ಕೂ ನಡುವೆ ನೂರು ಎಣಿಸಿ, ಅಂಚಿನಿಂದ ಇಳಿಸಿದಳು. ಮೇಷ್ಟ್ರು ಬರುವ ಹೊತ್ತಿಗೆ ಅವಳ ತುಟಿ ಇನ್ನೂ ಎಣಿಸುತ್ತಿತ್ತು.

ಮೇಷ್ಟ್ರು ಕಪಾಟನ್ನು ನೋಡಿದರು, ಬಟ್ಟೆ ನೋಡಿದರು. "ಥರ್ಮಾಮೀಟರ್ ಎಲ್ಲಿತ್ತು ನೀರಕ್ಕಾ?"

"ಮೇಲೆ."

ಅವರು ಮುಂದಿನ ಲೋಟ ತುಂಬಿ ಅವಳ ಕೈಗೆ ಕೊಟ್ಟರು. ಕೇಳಿ ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಯಾರಾದರೂ ಡಾಕ್ಟ್ರು?" ಎಂದಳು.

"ಯಾವ ಡಾಕ್ಟ್ರು? ನಾಯಿ ಬೆಕ್ಕಿನ ಡಾಕ್ಟ್ರ ಹತ್ರ ಒಯ್ದರೆ ಇದೇನು ಅಂತ ಅವರು ನನ್ನನ್ನೇ ಕೇಳ್ತಾರೆ. ನಾನು ನಿನ್ನನ್ನ ಕೇಳ್ಬೇಕು."

"ಕಾಲು ಬೆಳೆದಿತ್ತಲ್ಲ ಸಾರ್. ಪೂರ್ತಿ ಕಾಲು."

"ಕಾಲು ಬೆಳೆಯುತ್ತೆ" ಎಂದರು ಮೇಷ್ಟ್ರು. ಮುರುಟಿದ ಗರಿಗಳತ್ತ ಬೆರಳು ತೋರಿಸಿ, "ಇದು ಬೇರೆ ನೀರಕ್ಕಾ" ಅಂದರು.

ಮೂರು ದಿನ ತಾತ ಹಾಗೇ ಇದ್ದ. ಗರಿಗಳ ಮೇಲೆ ಹತ್ತಿಯ ಎಳೆಯಂಥ ಬಿಳಿ ಬೂಷ್ಟು ಬಂತು. ಉಪ್ಪು ನೀರಿನಲ್ಲಿ ಹತ್ತು ಹತ್ತು ನಿಮಿಷ ಅದ್ದಿ ತೆಗೆದರು; ಬೂಷ್ಟು ಹೋಯಿತು, ಗರಿಯೂ ಹೋಯಿತು. ಎರೆಹುಳುವನ್ನು ಉಗುರಿನಷ್ಟು ಮಾಡಿ ಬಾಯ ಬಳಿ ಹಿಡಿದಳು. ಬಾಯಿ ತೆರೆಯಲಿಲ್ಲ. ಬೆಳೆಯುವ ಗುಳ್ಳೆ ಎಲ್ಲಾದರೂ ಮೂಡಿದೆಯೇ ಎಂದು ಅವಳು ಗರಿಯ ಬುಡವನ್ನು ಭೂತಕನ್ನಡಿಯಲ್ಲಿ ಹುಡುಕಿದಳು. ಪಾಚಿ ಮೇಡಂ ಬಂದು ಪಕ್ಕದಲ್ಲಿ ಸ್ಟೂಲು ಎಳೆದು ಕೂತರು. ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ.

"ನಿಮ್ಮವು ಚೆನ್ನಾಗಿವೆ ಮೇಡಂ" ಎಂದಳು ನೀರಕ್ಕ.

"ಗೊತ್ತು. ಸಂತೋಷ ಪಡೋಕೆ ಆಗ್ತಿಲ್ಲ ಕಣೆ."

"ನೀವು ಹೇಳಿದ್ರಲ್ಲ, ಚಂದ್ರಗಳ ತುದಿಯಲ್ಲಿರೋ ಕಣಗಳು ಯಾಕೂ ಇಲ್ಲದೆ ನಡುಗ್ತವೆ ಅಂತ. ನನ್ನ ಕೈ ಹಾಗೆ ಆಗಿದೆ ನೋಡಿ."

ಮೇಡಂ ಆ ಕೈಯನ್ನು ಹಿಡಿದುಕೊಂಡರು. ಇಪ್ಪತ್ತೇಳು ವರ್ಷದ ಹಿಂದೆ ನಳಿಕೆ ತೊಳೆಯಲು ಹೋದಾಗ ಹಿಡಿದದ್ದು ಬಿಟ್ಟರೆ ಇದೇ ಎರಡನೇ ಸಲ.

ಅಂದು ಸಂಜೆ ಮನೆಗೆ ಹೋದ ನೀರಕ್ಕ, ಚೀಲ ಇಳಿಸುವ ಮೊದಲೇ ಕೋಣೆಯ ಹೊದಿಕೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿದಳು. ದೀಪದ ಗೆರೆ ಆ ಕಡೆ ಬಿದ್ದಿತು. ಗಂಡ ಕಣ್ಣಿಗೆ ತೋಳು ಅಡ್ಡ ಹಿಡಿದ.

"ಯಾಕೇ ತೆಗೆದೆ?"

"ಗಾಳಿ ಆಡ್ಲಿ ಅಂತ ರೀ. ನಿಮಗೆ ಸೆಕೆ ಆಗ್ತಿರಲಿಲ್ವಾ ಇಷ್ಟು ವರ್ಷ?"

"ಆಗ್ತಿತ್ತು."

"ಹೇಳಲೇ ಇಲ್ಲ!"

"ಹೇಳಿದ್ರೆ ನೀನು ಅಷ್ಟು ದೂರ ದುಡಿದು ಬಂದು ಇದಕ್ಕೂ ಒದ್ದಾಡ್ತೀಯ. ಕತ್ತಲು ಕೊಟ್ಟಿದ್ಯಲ್ಲ, ಸಾಕಿತ್ತು."

ತಾಯಿ ಈ ಕಡೆಯಿಂದ, "ಏನಾಯ್ತೇ? ಗ್ರಹಣ ಬಿಡ್ತಾ?" ಎಂದು ಕೇಳಿದಳು. ಯಾರೂ ನಗಲಿಲ್ಲ. ನೀರಕ್ಕ ಕ್ಲಿಪ್ಪುಗಳನ್ನು ಮಡಿಲಲ್ಲಿಟ್ಟುಕೊಂಡು, ಅರ್ಧ ಬೆಳಕು ಅರ್ಧ ಕತ್ತಲ ನೆಲದ ಮೇಲೆ ಬಹಳ ಹೊತ್ತು ಕೂತಿದ್ದಳು. ದೇವರಲ್ಲಿ ಏನು ಕೇಳಬೇಕೆಂದೇ ತಿಳಿಯಲಿಲ್ಲ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದು ಜನ ಅನ್ನುತ್ತಾರೆ. ಇಲ್ಲಿ ದೈವದ ಮೇಲೆ ಹೊರಿಸಲೂ ಅವಳಿಗೆ ಮನಸ್ಸು ಬರಲಿಲ್ಲ. ಕ್ಲಿಪ್ಪು ಹಾಕಿದ್ದು ಅವಳದೇ ಕೈ.

ಮರುದಿನ ಬೆಳಿಗ್ಗೆ ತಾತ ತಟ್ಟೆಯ ತಳದಲ್ಲಿದ್ದ. ನೆರಳು ಬಿದ್ದರೂ ಕದಲಲಿಲ್ಲ.

ಮುಖ್ಯಸ್ಥರ ಪಟ್ಟಿಯನ್ನು ಮತ್ತೆ ತೆಗೆಯುವ ಅಗತ್ಯ ಬೀಳಲಿಲ್ಲ. ಗಡುವಿಗೆ ಇನ್ನೂ ಐದು ದಿನ ಬಾಕಿಯಿತ್ತು. ಅವಳು ಮೊದಲು ಆ ತಿಂಗಳ ಕೆಲಸ ಮುಗಿಸಿದಳು. ತಾರೀಕು ಬಂದಿತ್ತು, ಬಿಟ್ಟರೆ ಚಂದ್ರಗಳು ಕಾಯುವುದಿಲ್ಲ. ನಳಿಕೆಯ ಬಾಯನ್ನು ಉರಿಗೆ ಹಿಡಿದಳು, ಹನಿ ದಾಟಿಸಿದಳು, ಪೆನ್ಸಿಲಿನಲ್ಲಿ ತಾರೀಕು ಬರೆದಳು. ಮೇಲಿನವನಿಗೆ ಒಪ್ಪಿಸುತ್ತಿದ್ದ ಮಾತು ಬಾಯಿಗೆ ಬರಲು ತಡವಾಯಿತು. ಬಂದಿತು.

ಆಮೇಲೆ ಮೇಷ್ಟ್ರು ಉದ್ದನೆಯ ಗಾಜಿನ ಜಾಡಿಯನ್ನೂ ದೇಹ ಕೊಳೆಯದಂತೆ ಕಾಯುವ ಫಾರ್ಮಲಿನ್ ಸೀಸೆಯನ್ನೂ ತಂದಿಟ್ಟರು. ಮಕ್ಕಳಿಗೆ ಪಾಠಕ್ಕೆ ಆಗುತ್ತದೆ, ಎಸೆಯುವುದು ಬೇಡ ಎಂದರು. ಒಂದು ಪಾಲು ಫಾರ್ಮಲಿನ್ನಿಗೆ ಒಂಬತ್ತು ಪಾಲು ನೀರು. ನೀರಕ್ಕ ಜಾಡಿ ಎತ್ತಿಕೊಂಡು ಹಿಂಬಾಗಿಲ ಕಡೆ ಹೊರಟಳು.

"ಇಲ್ಲೇ ನಲ್ಲಿ ಇದೆಯಲ್ಲ ನೀರಕ್ಕಾ" ಎಂದರು ಮೇಷ್ಟ್ರು. "ಇನ್ನು ಯಾವ ನೀರಾದರೇನು ಅದಕ್ಕೆ."

ಅವಳು ತಿರುಗಿ ನೋಡಿ ಮುಂದೆ ನಡೆದಳು. ಹಿಂಬದಿಯಲ್ಲಿ ಡ್ರಮ್ಮುಗಳು ಸಾಲಾಗಿದ್ದವು. ಒಂದರ ಮೇಲೆ ಇಂದಿನ ವಾರ, ಇನ್ನೊಂದರ ಮೇಲೆ ನಿನ್ನೆಯದು. ಅವೆರಡನ್ನೂ ದಾಟಿ, ಎರಡು ದಿನ ಕಳೆದ ಮೂರನೇ ಡ್ರಮ್ಮಿನ ಮೇಲೆ ಬಗ್ಗಿ, ಮೂಗು ಹತ್ತಿರ ತಂದು ವಾಸನೆ ನೋಡಿದಳು. ನಲ್ಲಿ ಔಷಧಿಯ ಘಾಟು ಇರಲಿಲ್ಲ. ಒಂಬತ್ತು ಲೋಟ ಎಣಿಸಿ ಜಾಡಿಗೆ ಸುರಿದಳು.